ನಾಟಕದ ಮೊದಲ ಸಾಲು

ಪ್ರತಿವರ್ಷ ಚರ್ಚಿನ ಕ್ರಿಸ್ಮಸ್ ನಾಟಕವನ್ನು ಅವರಿಬ್ಬರೂ ಸೇರಿಯೇ ಬರೆಯುತ್ತಿದ್ದರು. ಮೊದಲ ಸಾಲು ಸುಗುಣಕ್ಕನದು, ಉಳಿದದ್ದು ಗ್ಲಾಡಿಸಳದು. ಮಗ ಹೊಳೆಪಾಲಾದ ಮೇಲೆ ಅಕ್ಕ ಪೆನ್ನು ಮುಟ್ಟಿರಲಿಲ್ಲ.

ಪೋಸ್ಟರಿನಲ್ಲಿ ನಗುವ ಜಿರಾಫೆ ಕಂಡು, ಮಕ್ಕಳ ಕಾರ್ಟೂನಲ್ಲವೇ, ಮನಸ್ಸು ಹಗುರಾದೀತೆಂದು ಗ್ಲಾಡಿಸ್ ಅಕ್ಕನನ್ನು, ಪ್ರಾಣಿಗಳನ್ನೆಲ್ಲ ನಾವೆಗೆ ಹತ್ತಿಸಿಕೊಂಡ ನೋಹನ ಸಿನಿಮಾಕ್ಕೆ ಕರೆದೊಯ್ದಳು. ಪರದೆಯ ಮೇಲೆ ಪ್ರಳಯದ ನೀರು ಏರತೊಡಗಿದಾಗಲೇ ಗ್ಲಾಡಿಸಳಿಗೆ ಆ ಹೊಳೆ ನೆನಪಾದದ್ದು.

ಆಮೇಲೆ ಹೋಟೆಲಿನಲ್ಲಿ ಇಬ್ಬರ ಚಹಾವೂ ಆರಿಹೋಯಿತು.

"ತಪ್ಪಾಯ್ತಕ್ಕ. ನಾನು ಯೋಚನೆಯೇ ಮಾಡ್ಲಿಲ್ಲ."

"ನಾವೆ ಹತ್ತಿದವರನ್ನೆಲ್ಲ ಚೆಂದ ತೋರಿಸಿದ್ದಾರೆ ಮಾರಾಯ್ತಿ. ಹೊರಗುಳಿದವರ ಸುದ್ದಿಯೇ ಇಲ್ಲ. ಪೆನ್ನುಂಟಾ ನಿನ್ನತ್ರ?"

ಅಕ್ಕ ಟಿಕೆಟಿನ ಹಿಂಬದಿಯಲ್ಲಿ ಬರೆದು ಗ್ಲಾಡಿಸಳ ಮುಂದೆ ಇಟ್ಟರು.

'ಮುಚ್ಚಿದ ನಾವೆಯ ಬಾಗಿಲು ಬಡಿಯುತ್ತ ಒಬ್ಬ ತಾಯಿ: ನಾನು ಬರುವುದಿಲ್ಲ, ಇವನೊಬ್ಬನನ್ನು ಒಳಗೆ ಎಳೆದುಕೊಳ್ಳಿ.'