ಗುರುವಾರದ ಪಾಳಿ

ದರ್ಜಿ ಇವತ್ತೂ ಬಂದ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ, ಹಾಗೇ ಹೊರಟ.

ಟೀಚರಮ್ಮ ಕನ್ನಡಕದ ಮೇಲಿಂದ ನೋಡಿದರು. ಸತತ ಐದನೇ ಗುರುವಾರ. ಮೂವತ್ತು ವರ್ಷ ಮಕ್ಕಳ ಹಾಜರಿ ತೆಗೆದ ಕಣ್ಣು. ಹೆಸರು ಹೇಳಿಸಿಕೊಂಡು ಹಿಂಬಾಗಿಲಿಂದ ಜಾರುವವರನ್ನು ಅದು ಬೆನ್ನು ನೋಡಿಯೇ ಗುರುತು ಹಿಡಿಯುತ್ತಿತ್ತು.

ಡಯಾಲಿಸಿಸ್ ವಾರ್ಡಿನಲ್ಲಿದ್ದದ್ದು ನಾಲ್ಕೇ ಯಂತ್ರ. ಅದರಲ್ಲೊಂದು ಕೆಟ್ಟು, ಮೈಮೇಲೆ ಬಟ್ಟೆ ಹೊದ್ದು ವರ್ಷವಾಗಿತ್ತು. ಉಳಿದ ಮೂರರ ಮೇಲೆ ದರ್ಜಿಯೂ ಸೇರಿ ಇಪ್ಪತ್ತೇಳು ಜನರ ಜೀವ. ಒಬ್ಬೊಬ್ಬರಿಗೆ ವಾರಕ್ಕೆ ಎರಡು ಪಾಳಿ, ಪ್ರತಿ ಪಾಳಿಗೂ ಪುಸ್ತಕದಲ್ಲಿ ಸಹಿ. ಕಾಯುವವರ ಪಟ್ಟಿ ಕಚೇರಿಯ ಬೀರುವಿನಲ್ಲಿತ್ತು. ಮೇಲಿನವರು ಸತ್ತರೆ ಕೆಳಗಿನವರಿಗೆ ಜಾಗ. ಎಂಟು ತಿಂಗಳಿಂದ ಕಾದವರಿದ್ದರು. ಕಾಯುತ್ತಲೇ ಹೋದವರೂ ಇದ್ದರು.

ಟೀಚರಮ್ಮನ ಗಂಡನಿಗೆ ಮಾತ್ರ ಹತ್ತೇ ದಿನದಲ್ಲಿ ಪಾಳಿ ಸಿಕ್ಕಿತ್ತು. ದೊಡ್ಡಪ್ಪನ ಮಗ ದೊಡ್ಡ ಹುದ್ದೆಯಲ್ಲಿದ್ದ. ಅವನ ಕೈಯಲ್ಲಿ ಒಂದು ಕಾಗದ ಬರೆಸಿಕೊಂಡು ಬಂದು ಟೀಚರಮ್ಮ ಕಚೇರಿಯ ಮೇಜಿನ ಮೇಲೆ ಇಟ್ಟಿದ್ದರು. ಆದರೂ ಸಿಕ್ಕಿದ್ದು ವಾರಕ್ಕೆ ಒಂದೇ ಪಾಳಿ, ಗುರುವಾರ ಬೆಳಗ್ಗೆ. ಎರಡನೆಯದಕ್ಕೆ ಇನ್ನೊಂದು ಕಾಗದ ಬರೆಸಬೇಕೆಂದಿದ್ದರು.

ಕಾಗದದ ಮಹಿಮೆ ಅವರಿಗೆ ಮೊದಲ ದಿನವೇ ಕಂಡಿತ್ತು. ಸಹಿ ಹಾಕಲು ಪೆನ್ನು ತೆಗೆದಾಗ ಸಿಸ್ಟರ್ ಪುಸ್ತಕವನ್ನೇ ಆಚೆ ಸರಿಸಿದ್ದಳು.

"ನಿಮ್ಮದು ಬೇಡಮ್ಮ. ಯಜಮಾನ್ರನ್ನ ಒಳಗೆ ಮಲಗ್ಸಿ."

ದೊಡ್ಡವರ ಕಡೆಯವರೆಂದರೆ ಹೀಗೆ. ಸಹಿ, ಸಾಲು, ಇವೆಲ್ಲ ದರ್ಜಿಯಂಥವರಿಗೆ.

ಸಿಸ್ಟರ್ ಮೇಲೂ ಟೀಚರಮ್ಮನಿಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಶುದ್ಧ ಸೋಮಾರಿ. ಹಿಂದಿನ ಗುರುವಾರ ಗಂಡ ಮಲಗಿ ಮುಕ್ಕಾಲು ಗಂಟೆಯಾದರೂ ಸೂಜಿ ಚುಚ್ಚದೆ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ ಆ ದರ್ಜಿ ತೂರಾಡುತ್ತ ಬಂದು ಸಹಿ ಗೀಚಿದ ಮೇಲೆ ಅವಳಿಗೆ ಕೆಲಸದ ನೆನಪಾಯಿತು.

ತೂರಾಡುತ್ತಲೇ ಬಂದಿದ್ದ. ಕಣ್ಣ ಕೆಳಗೆ ಚೀಲ, ಊದಿದ ಮುಖ, ಚಪ್ಪಲಿಯೊಳಗೆ ಹಿಡಿಸದ ಪಾದ. ಕುಡುಕನಿಗೆ ಬೇರೆ ಗುರುತು ಬೇಕೆ?

ಇವತ್ತು ಬಿಡುವುದಿಲ್ಲವೆಂದು ಟೀಚರಮ್ಮ ಮೆಟ್ಟಿಲವರೆಗೂ ಹೋಗಿ ಅವನನ್ನು ತಡೆದರು.

"ಏನಪ್ಪಾ, ಸಹಿ ಹಾಕ್ತೀಯ, ಹೋಗ್ತೀಯ. ಯಂತ್ರ ನಿನ್ನ ಸಹೀನೇ ತೊಳೆಯುತ್ತಾ?"

ದರ್ಜಿ ಗೋಡೆ ಹಿಡಿದು ನಿಂತ. "ನನಗೆ ಸೋಮವಾರದ್ದು ಸಾಕಮ್ಮ."

"ಮತ್ತೆ ಗುರುವಾರದ್ದು?"

"ಅದು ಬೇರೆ ಕಡೆ ಹೋಗುತ್ತೆ," ಎಂದವನೇ ಒಂದೊಂದೇ ಮೆಟ್ಟಿಲು ಇಳಿದ.

ಬೇರೆ ಕಡೆ! ಟೀಚರಮ್ಮನಿಗೆ ಎಲ್ಲ ಅರ್ಥವಾಯಿತು. ಪಾಳಿ ಮಾರುತ್ತಿದ್ದಾನೆ. ಸಿಸ್ಟರ್‌ಗೂ ಅದರಲ್ಲಿ ಪಾಲು. ಒಳಗೆ ಬಂದು ಗಂಡನ ಮಂಚದ ಬಳಿ ಉಸುರಿದರು: "ಉರಿಯೋ ಮನೇಲಿ ಗಳ ಹಿರಿಯೋ ಜನ. ನಿಮಗೆ ಎರಡನೇ ಪಾಳಿ ಯಾಕೆ ಇಲ್ಲ ಅಂತ ಈಗ ಗೊತ್ತಾಯ್ತಾ?"

ಗಂಡ ಬೇರೆಡೆ ಮುಖ ತಿರುಗಿಸಿದರು. "ಬಿಡೇ. ಅವನ ತಂಟೆಗೆ ಮಾತ್ರ ಹೋಗ್ಬೇಡ."

"ನೀವು ಹೀಗೇ ಎಲ್ಲಾರನ್ನೂ ಬಿಟ್ಟು ಬಿಟ್ಟೇ ಗುಮಾಸ್ತರಾಗಿ ಸೇರಿ ಗುಮಾಸ್ತರಾಗೇ ಮನೆಗೆ ಬಂದ್ರಿ."

ಆ ಸಂಜೆಯೇ ದೂರು ಬರೆದರು. ಮೂರು ಪುಟ. 'ಪಾಳಿಗಳ್ಳ' ಎಂಬ ಪದದ ಕೆಳಗೆ ಕೆಂಪು ಗೆರೆ.

ಮುಂದಿನ ಗುರುವಾರ ಮೇಲಿನಿಂದ ತಪಾಸಣೆಯ ಅಧಿಕಾರಿ ಬಂದ. ಮೂರೂ ಯಂತ್ರ ಓಡುತ್ತಿದ್ದವು. ದರ್ಜಿ ಸಹಿ ಹಾಕಿದವನು ಸುಸ್ತಿಗೆ ಇನ್ನೂ ಬಾಗಿಲ ಬಳಿಯೇ ಕೂತಿದ್ದ. ಅಧಿಕಾರಿ ಪುಸ್ತಕ ತಿರುವಿ ತಲೆ ಎತ್ತಿದ.

"ಸಹಿ ಇಲ್ಲಿದೆ, ನೀನೂ ಇಲ್ಲೇ ಇದ್ದೀಯ. ನಿನ್ನ ಪಾಳೀಲಿ ಒಳಗೆ ಮಲಗಿರೋದು ಯಾರು? ಎಷ್ಟಕ್ಕೆ ಮಾರಿದೆ?"

"ಮಾರಿಲ್ಲ ಸಾರ್. ಬಿಟ್ಕೊಟ್ಟೆ."

"ಯಾಕೆ?"

"ಆವತ್ತು ವರಾಂಡದಲ್ಲಿ ಉಸಿರಿಗೆ ಒದ್ದಾಡ್ತಾ ಇದ್ರು. ಪಟ್ಟೀಲಿ ಎಪ್ಪತ್ತೊಂದನೆಯವರು. ಅಲ್ಲೀವರೆಗೆ ಎಲ್ಲಿ ಉಳೀತಾರೆ? ನನಗೆ ಎರಡಿತ್ತು, ಅವರಿಗೆ ಒಂದೂ ಇರ್ಲಿಲ್ಲ. ನಾನೇ ಸಿಸ್ಟರ್‌ನ ಕಾಡಿ ಬೇಡಿ ಒಪ್ಪಿಸ್ದೆ."

ಟೀಚರಮ್ಮ ನಕ್ಕೇಬಿಟ್ಟರು. "ಧರ್ಮರಾಯ! ಮುಖ ನೋಡಿ ಸಾರ್, ರಾತ್ರಿದೇ ಇನ್ನೂ ಇಳಿದಿಲ್ಲ."

"ಅದು ಕುಡಿತ ಅಲ್ಲಮ್ಮ, ನೀರು," ಎಂದಳು ಸಿಸ್ಟರ್. "ವಾರಕ್ಕೆ ಒಂದೇ ಸಲ ಮಾಡಿಸ್ಕೊಂಡ್ರೆ ಮೈ ಹೀಗೇ ಊದುತ್ತೆ."

"ನಿನ್ನ ಯಾರು ಕೇಳಿದ್ರು?" ಎಂದು ಟೀಚರಮ್ಮ ಗದರಿದರು.

ಅಧಿಕಾರಿ ಪುಸ್ತಕ ಮುಚ್ಚಿದ. "ಕಾರಣ ಏನೇ ಇರಲಿ. ಸರದಿ ಬರದವರು ಯಂತ್ರದ ಮೇಲೆ ಇರೋ ಹಾಗಿಲ್ಲ. ದೂರು ಕೊಟ್ಟವರು ನೀವು. ವಾಪಸ್ ತಗೊಳ್ಳೋದಾದ್ರೆ ಈಗಲೇ ಹೇಳಿ, ನಾನು ಇಲ್ಲಿಗೆ ಬಂದೇ ಇಲ್ಲ ಅಂದ್ಕೊಳ್ತೀನಿ."

ಸಿಸ್ಟರ್ ಟೀಚರಮ್ಮನ ಕೈ ಹಿಡಿದುಕೊಂಡಳು. "ಅಮ್ಮ, ನಿಮ್ಮ ದಮ್ಮಯ್ಯ. ಹೂಂ ಅನ್ನಿ."

ಟೀಚರಮ್ಮ ಕೈ ಕೊಡವಿಕೊಂಡರು. ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದರು: "ಕದ್ದ ಪಾಳೀಲಿ ಯಾರೇ ಮಲಗಿರಲಿ, ಇಳಿಸಿ. ನನ್ನ ಕಣ್ಣೆದುರೇ ಇಳಿಸಿ!"

ಸಿಸ್ಟರ್ ತಲೆ ತಗ್ಗಿಸಿ ಮೊದಲ ಮಂಚ ದಾಟಿದಳು, ಎರಡನೆಯದನ್ನೂ ದಾಟಿದಳು, ಕಿಟಕಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಟೀಚರಮ್ಮನ ಗಂಡನ ಯಂತ್ರವನ್ನು ನಿಲ್ಲಿಸಿದಳು.