ಹತ್ತೂವರೆಯೊಳಗೆ ಒಂದು ಕಾರು

"ಬೇಗ ಹತ್ತಿ" ಎಂದು ಕಾರಿನೊಳಗಿನ ಮನುಷ್ಯ ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಚೀಲವನ್ನು ಮಡಿಲಿಗೇರಿಸಿ, ಕಿಟಕಿ ಇಳಿಸಲು ಗುಂಡಿ ತಡಕಾಡುತ್ತಿದ್ದರು.

ಸೊಸೆ ಪಕ್ಕದಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಎರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದರೂ ಮೊದಲ ಐದು ನಿಮಿಷ ಯಾವಾಗಲೂ ಹೀಗೆಯೇ.

ಅವರ ಮನೆಯಲ್ಲಿ ಕಾರಿಲ್ಲ. ಕೊಳ್ಳುವ ಯೋಚನೆಯೂ ಇಲ್ಲ. ಆದರೆ ಊರಿನಲ್ಲಿ ಹಳೆಯ ಕಾರು ಮಾರುವವರಿಗೇನು ಬರವೇ? ಜಾಹೀರಾತು ನೋಡಿ ಫೋನ್ ಮಾಡುವುದು. "ಫ್ಯಾಮಿಲಿ ಕಾರು ಅಂದ್ಮೇಲೆ ಫ್ಯಾಮಿಲಿ ಎಲ್ಲಾ ಕೂತು ನೋಡ್ಬೇಕಲ್ವಾ" ಎನ್ನುವುದು. ತಾವು ಹೋಗಬೇಕಾದ ಕಡೆಗೇ ಓಡಿಸಿ ನೋಡುವುದು. ಹೀಗೆ ಒಂದು ಕಾರಿನಲ್ಲಿ ಹಲ್ಲಿನ ಡಾಕ್ಟರು, ಇನ್ನೊಂದರಲ್ಲಿ ನಾದಿನಿಯ ಮನೆ, ಮತ್ತೊಂದರಲ್ಲಿ ತಿಂಗಳ ದಿನಸಿ ಮುಗಿದಿದ್ದವು. ಕೊನೆಗೆ ಗಂಡ ಟೈರಿಗೊಂದು ಒದೆ ಕೊಟ್ಟು, ಮನಸ್ಸಿಗೆ ಬರಲಿಲ್ಲವೆಂಬಂತೆ "ಹ್ಞೂಂ" ಎನ್ನುತ್ತಿದ್ದ. ಆ ಹ್ಞೂಂಕಾರ ಕೇಳಿದ ಮೇಲೆ ಎಂಥ ಮಾಲೀಕನೂ ಕೊಳ್ತೀರಾ ಎಂದು ಮತ್ತೆ ಕೇಳುತ್ತಿರಲಿಲ್ಲ.

ಇವತ್ತಿನದು ಮಾತ್ರ ಆಟವಲ್ಲ. ಹತ್ತೂವರೆಗೆ ಅತ್ತೆಯ ಕಣ್ಣಿನ ಆಪರೇಷನ್ನು. ಐದು ತಿಂಗಳು ಕಾದು ಸಿಕ್ಕ ದಿನ. ತಪ್ಪಿದರೆ ಮತ್ತೆ ಐದು ತಿಂಗಳು. ಬಸ್ಸಿನ ಮೆಟ್ಟಿಲು ಅತ್ತೆಗೆ ಕಾಣದು. ಬಾಡಿಗೆ ಕಾರೆಂದರೆ ಸಿಡಿಮಿಡಿ: "ದುಡ್ಡು ಕೊಟ್ಟು ಕಾರು ಹತ್ತೋದಾ? ನಮ್ಮನೇಲಿ ಆ ಪದ್ಧತಿ ಇಲ್ಲ!" ಹೋದ ವಾರವಷ್ಟೇ ಅವರು ಕೋಟು ನೇತುಹಾಕುವ ಕಂಬವನ್ನು ಮಗನೆಂದುಕೊಂಡು ಅರ್ಧ ಗಂಟೆ ಬೈದಿದ್ದರು. "ಇವತ್ತು ಎದುರು ಮಾತಾಡ್ಲಿಲ್ಲ ನೋಡೇ" ಎಂದು ಮೆಚ್ಚಿಕೊಂಡಿದ್ದರು ಬೇರೆ.

ಅದಕ್ಕೇ ಒಂಬತ್ತೂವರೆಗೆ ಬನ್ನಿ ಎಂದಿದ್ದ ಮನೆಗೆ ಒಂಬತ್ತಕ್ಕೇ ಹಾಜರಾಗಿದ್ದರು. ಹಸಿರು ಗೇಟು, ಬೂದು ಬಣ್ಣದ ಕಾರು. ಅಜ್ಜಿಕಥೆಯಲ್ಲಿ ಬಾಯಾರಿದವನ ಮುಂದೆ ಬಾವಿಯೇ ನಡೆದು ಬಂದ ಹಾಗೆ, ಎಂಜಿನ್ ಆಗಲೇ ಗುರುಗುಡುತ್ತಿತ್ತು. ಉದ್ದ ಕಾಲಿನ ಮನುಷ್ಯನೊಬ್ಬ ಮಂಡಿ ಗದ್ದಕ್ಕೆ ತಾಗುವಂತೆ ಸ್ಟಿಯರಿಂಗಿನ ಹಿಂದೆ ಮುದುಡಿಕೊಂಡಿದ್ದ.

"ಇದೇ ಅಲ್ವಾ ಮಾರೋ ಕಾರು? ಒಂದು ಸುತ್ತು ನೋಡ್ಬೇಕಿತ್ತು" ಎಂದಿದ್ದಳು ಸೊಸೆ.

ಆತ ಮನೆಯ ಬಾಗಿಲನ್ನೊಮ್ಮೆ, ಇವರನ್ನೊಮ್ಮೆ ನೋಡಿದ್ದ. "ಇದೇ, ಇದೇ. ಬೇಗ ಹತ್ತಿ."

ಕಾರು ರಸ್ತೆಗಿಳಿಯಿತು. ಗಂಡ ಮುಂದಿನ ಸೀಟಿನಲ್ಲಿ ಗಂಟಲು ಸರಿಮಾಡಿಕೊಂಡ. "ಕಣ್ಣಾಸ್ಪತ್ರೆ ಕಡೆ ಹೋಗೋಣ್ವಾ? ಅಲ್ಲಿ ಏರು ಜಾಸ್ತಿ. ಎಂಜಿನ್ ದಮ್ಮು ಗೊತ್ತಾಗತ್ತೆ."

"ಧಾರಾಳವಾಗಿ ಸಾರ್. ದಾರೀಲಿ ನಂದೂ ಒಂದೆರಡು ಸಣ್ಣ ಕೆಲಸ ಇದೆ, ಪರವಾಗಿಲ್ವಾ?"

ಬಿಟ್ಟಿ ಕೂತವರು ಏನೆಂದಾರು? ಆತ ಎಡಕ್ಕೆ ತಿರುಗಲು ಇಂಡಿಕೇಟರಿನ ಕಡ್ಡಿಯೆಂದು ಒಂದನ್ನು ಒತ್ತಿದ. ಒಣಗಿದ ಗಾಜಿನ ಮೇಲೆ ವೈಪರು ಕಿರ್ರೆಂದು ಎದ್ದಿತು.

"ಗಾಜು ಯಾವಾಗ್ಲೂ ಕ್ಲೀನಾಗಿರ್ಬೇಕು ನೋಡಿ" ಎಂದ.

ಮೊದಲು ಹಿಟ್ಟಿನ ಗಿರಣಿ. ಡಿಕ್ಕಿ ತೆರೆಯಲು ಹೋಗಿ ಬಾನೆಟ್ಟು ತೆರೆದ, ಆಮೇಲೆ ಪೆಟ್ರೋಲಿನ ಮುಚ್ಚಳ, ಮೂರನೆಯದಕ್ಕೆ ಡಿಕ್ಕಿ. ಎರಡು ಮೂಟೆ ಹಾಕಿದ ಮೇಲೂ ಜಾಗವಿತ್ತು. "ಅಬ್ಬಬ್ಬಾ, ಎಷ್ಟು ದೊಡ್ಡದು ನೋಡಿ!" ಎಂದು ಆತನೇ ಬಾಯಿ ಬಿಟ್ಟ.

ಗಂಡ ತನ್ನ ಮಾಮೂಲಿ ಪ್ರಶ್ನೆಗಳನ್ನು ಬಿಚ್ಚಿದ. "ಕೈಕೊಟ್ಟಿದ್ದು ಉಂಟಾ?"

"ನನ್ನ ಕೈಗೆ ಬಂದ್ಮೇಲೆ ಒಂದ್ಸಲಾನೂ ಕೆಟ್ಟಿಲ್ಲ ಸಾರ್."

"ಮೈಲೇಜು?"

"ಪೆಟ್ರೋಲಿಗೆ ಅಂತ ನಾನು ತಲೆ ಕೆಡಿಸ್ಕೊಂಡಿದ್ದೇ ಇಲ್ಲ."

"ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನಿ."

"ಮೋಸ ಹೋದೆ ಅಂತ ನಾನಂತೂ ಹೇಳಲ್ಲ."

ಗಂಡ ಹಿಂದಕ್ಕೆ ತಿರುಗಿ ಹೆಂಡತಿಗೆ ಕಣ್ಣು ಹೊಡೆದ. ಅವಳ ಕಣ್ಣು ಗಡಿಯಾರದ ಮೇಲಿತ್ತು. ಒಂಬತ್ತು ಮುಕ್ಕಾಲು.

ಎರಡನೆಯದು ಕನ್ನಡಿ ಅಂಗಡಿ. ಆಳೆತ್ತರದ ನಿಲುಗನ್ನಡಿ ಬಂದು ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆಯರ ನಡುವೆ ಓರೆಯಾಗಿ ಕೂತಿತು. "ಇದು ಒಡೀದೇ ಮನೆ ಮುಟ್ಟಿದ್ರೆ ಸಸ್ಪೆನ್ಷನ್ ಪಾಸು ಅಂತ ಲೆಕ್ಕ" ಎಂದು ಆತ ಕಾರನ್ನು ಬಸವನಹುಳುವಿನ ಹಾಗೆ ತೆವಳಿಸಿದ.

ಅತ್ತೆ ಪಕ್ಕಕ್ಕೆ ತಿರುಗಿದರು. "ಯಾರಮ್ಮಾ ನೀನು? ಸ್ವಲ್ಪ ಆಚೆ ಸರಿ." ಉತ್ತರ ಬರಲಿಲ್ಲ. "ಎಷ್ಟು ಜಂಬ ನೋಡೇ ಇವಳಿಗೆ! ನನ್ನಂಥದ್ದೇ ಚೀಲ ಬೇರೆ ಹಿಡ್ಕೊಂಡಿದ್ದಾಳೆ!"

"ಸುಮ್ನಿರಿ ಅತ್ತೆ" ಎಂದಿತು ಕನ್ನಡಿಯ ಹಿಂದಿನ ದನಿ.

ಮೂರನೆಯದು ದರ್ಜಿ ಅಂಗಡಿ. ಆತ ಇಳಿದು ಹೋಗಿ ತೋಳು ಚಾಚಿ, ಸೊಂಟ ಬಿಗಿಹಿಡಿದು, ನಿಧಾನವಾಗಿ ಅಳತೆ ಕೊಟ್ಟು ಬಂದ. ಹತ್ತೂ ಕಾಲು.

"ಸ್ವಲ್ಪ ಬೇಗ ಹೋಗಬಹುದಾ?" ಎಂದಳು ಸೊಸೆ.

"ಅವಸರದಲ್ಲಿ ಕಾರು ತಗೋಬಾರ್ದು ಮೇಡಂ."

ಅವಳಿಗೆ ತಡೆಯಲಾಗಲಿಲ್ಲ. ಎರಡು ವರ್ಷದ ಗುಟ್ಟು ಕನ್ನಡಿಯ ಮೇಲಿಂದ ಹಾರಿ ಮುಂದಿನ ಸೀಟಿಗೆ ಬಿತ್ತು. "ನೋಡೀಪ್ಪಾ, ನಮಗೆ ಕಾರು ಬೇಡ! ಯಾವತ್ತೂ ಬೇಕಿರ್ಲಿಲ್ಲ. ಹತ್ತೂವರೆಗೆ ನಮ್ಮತ್ತೆ ಕಣ್ಣಿಗೆ ಆಪರೇಷನ್ನು, ಇವತ್ತು ತಪ್ಪಿದ್ರೆ ಮುಗೀತು. ಬೈಯೋದಿದ್ರೆ ಆಮೇಲೆ ಬೈರಿ, ಈಗ ಓಡಿಸಿ!"

ಗಂಡ ಸೀಟಿನೊಳಕ್ಕೆ ಕುಸಿದ.

ಆತ ಹಿಂತಿರುಗಿ ನೋಡಿದ. ಮುಖದಲ್ಲಿ ಸಿಟ್ಟಿನ ಸುಳಿವೇ ಇಲ್ಲ. ಹೊತ್ತ ಮೂಟೆ ಇಳಿಸಿದವನ ನಗು. "ಮೊದ್ಲೇ ಹೇಳಬಾರ್ದಿತ್ತೇನಮ್ಮಾ! ಕನ್ನಡಿ ಗಟ್ಟಿಯಾಗಿ ಹಿಡ್ಕೊಳ್ಳಿ."

ಕಾರು ಬಾಲ ಸುಟ್ಟ ಬೆಕ್ಕಿನಂತೆ ಏರು ಹತ್ತಿತು. ಹತ್ತೂ ಇಪ್ಪತ್ತೊಂಬತ್ತಕ್ಕೆ ಆಸ್ಪತ್ರೆಯ ಬಾಗಿಲು. ಆತನೇ ಅತ್ತೆಯ ಕೈಹಿಡಿದು ಇಳಿಸಿದ, ಚೀಲ ಒಳಗಿಟ್ಟ, ನರ್ಸನ್ನು ಕೂಗಿ ಕರೆದ. ಅತ್ತೆಯ ಗಾಲಿಕುರ್ಚಿ ಒಳಗೆ ಹೋದ ಮೇಲೆ ಸೊಸೆಗೆ ಕಣ್ಣು ತುಂಬಿ ಬಂತು. ಇಂಥ ದೊಡ್ಡ ಮನಸ್ಸಿನ ಮಾಲೀಕನಿಗೆ ಮೋಸ ಮಾಡಿದೆವಲ್ಲ! ಕ್ಷಮೆ ಕೇಳೋಣವೆಂದು ಹೊರಗೆ ಓಡಿದಳು. ಮೂಟೆ, ಕನ್ನಡಿ ಸಮೇತ ಬೂದು ಕಾರು ತಿರುವಿನಲ್ಲಿ ಮರೆಯಾಗುತ್ತಿತ್ತು.

ಆಗ ಅವಳ ಫೋನು ಬಡಿದುಕೊಂಡಿತು.

"ಅಮ್ಮಾ, ಹಸಿರು ಗೇಟಿನ ಮನೆಯಿಂದ ಮಾತಾಡ್ತಿರೋದು, ನೀವು ಒಂಬತ್ತೂವರೆಗೆ ಬರದೇ ಇದ್ದದ್ದೇ ವಾಸಿಯಾಯ್ತು, ನಿಮಗಿಂತ ಮೊದ್ಲು ಬಂದೋರೊಬ್ರು ಓಡಿಸಿ ನೋಡ್ತೀನಿ ಅಂತ ಕಾರು ತಗೊಂಡು ಹೋದೋರು ಇನ್ನೂ ವಾಪಸ್ಸು ಬಂದಿಲ್ಲ!"