ಗೆಸ್ಟ್ ಆಪರೇಟರ್

ಶಂಕರಲಿಂಗಪ್ಪ ತೀರಿಕೊಂಡು ಹದಿಮೂರು ದಿನವಾಗಿತ್ತು. ಇಪ್ಪತ್ತಾರು ವರ್ಷ ಅವರು ಮಾತಾಡಿದ್ದ ಹ್ಯಾಮ್ ರೇಡಿಯೊ ಮುಂದೆ ಹೆಂಡತಿ ವಿಶಾಲಾಕ್ಷಮ್ಮ ಮೈಕ್ ಹಿಡಿದು ಕೂತಿದ್ದರು. ದೂರದೂರದ ಹವ್ಯಾಸಿಗಳು ರೇಡಿಯೊದಲ್ಲಿ ಒಬ್ಬರನ್ನೊಬ್ಬರು ಸಂಪರ್ಕಿಸುವ ವರ್ಷದ ಸ್ಪರ್ಧೆ ಶುರುವಾಗಲು ಹತ್ತು ನಿಮಿಷವಿತ್ತು.

ರೇಡಿಯೊ ಬಿಚ್ಚಿಕೊಂಡು ಹೋಗಲು ಹ್ಯಾಮ್ ಕ್ಲಬ್ಬಿನ ಕಾರ್ಯದರ್ಶಿ ಫಣೀಂದ್ರ ಬಂದಿದ್ದ.

"ಮೈಕ್ ಕೆಳಗಿಡಿ ಅಮ್ಮ. ಯಜಮಾನರು ಹೋದ ಮೇಲೆ ಈ ಸ್ಟೇಷನ್ ಮುಚ್ಚಿದ ಹಾಗೇ."

"ಪ್ರತಿ ವರ್ಷ ಇವರ ದನಿಗೆ ಕಾಯೋರಿದ್ದಾರಪ್ಪ. ಹೋಗ್ಬಿಟ್ರು ಅಂತ ಅವರಿಗೆ ನಾನೇ ಹೇಳ್ಬೇಕು."

"ಇದೇನು ಫೋನಾ, ಎತ್ತಿ ಮಾತಾಡೋಕೆ? ಲೈಸೆನ್ಸ್ ಇಲ್ಲದೋರು ಗೆಸ್ಟು. ಲೈಸೆನ್ಸ್ ಇರೋರು ಪಕ್ಕದಲ್ಲೇ ಕೂತಿದ್ರೆ ಮಾತ್ರ ಗೆಸ್ಟು ಮಾತಾಡಬಹುದು."

"ಆ ರೂಲ್ಸು ನಂಗೂ ಗೊತ್ತು."

"ಗೊತ್ತಿದ್ರೆ ಹೇಳಿ. ಈಗ ನಿಮ್ಮ ಪಕ್ಕ ಯಾರು ಕೂರ್ತಾರೆ?"

ವಿಶಾಲಾಕ್ಷಮ್ಮ ಮೇಜಿನ ಖಾನೆ ಎಳೆದು, ಮಡಿಸಿಟ್ಟಿದ್ದ ಲೈಸೆನ್ಸನ್ನು ಅವನ ಕೈಗೆ ಕೊಟ್ಟರು. ಫಣೀಂದ್ರ ಹೆಸರನ್ನು ಎರಡು ಸಲ ಓದಿದ.

"ಅವರು ಪರೀಕ್ಷೇಲಿ ಮೂರು ಸಲ ಫೇಲಾದ್ರು, ನಾನು ಪಾಸಾದೆ," ಎಂದರು ವಿಶಾಲಾಕ್ಷಮ್ಮ. "ಇಷ್ಟು ವರ್ಷ ಪಕ್ಕದಲ್ಲಿ ಅವರೆಕಾಯಿ ಬಿಡಿಸ್ತಾ ಕೂತಿರ್ತಿದ್ದೆನಲ್ಲ, ಗೆಸ್ಟು ಅವರು."